ಅತ್ತಿಗೆಗೆ ತಂದ ಎಳನೀರು

ಕಚಕ್, ಕಚಕ್. ಅತ್ತಿಗುಪ್ಪೆ ಮೆಟ್ರೊ ಕೆಳಗೆ ಎಳನೀರು ಕೊಚ್ಚುವ ಮಚ್ಚಿನ ಸದ್ದು. ಆ ಬೇಸಿಗೆಯಲ್ಲಿ ಅದು ಕಿವಿಗೆ ಬಿದ್ದರೆ ನನ್ನ ಎದೆ ಝಲ್ಲೆನ್ನುತ್ತಿತ್ತು.

ನನ್ನ ಅಣ್ಣನ ಹೆಂಡತಿಗೆ, ಅಂದರೆ ಅತ್ತಿಗೆಗೆ, ಕಿಡ್ನಿ ಸೋತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹಾರ್ಟೇ ನಿಂತುಬಿಡಬಹುದು, ಎಳನೀರಿನಲ್ಲಿ ಅದು ಜಾಸ್ತಿ, ಮುಟ್ಟಲೇಬೇಡಿ ಎಂದು ಡಾಕ್ಟರ್ ಸ್ಟ್ರಿಕ್ಟಾಗಿ ಹೇಳಿದ್ದರು. ಆದರೆ ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಬಂದವರೆಲ್ಲ ಎಳನೀರು ಹಿಡಿದೇ ಬರುತ್ತಿದ್ದರು. ಕುಡಿಯದಿದ್ದರೆ ತಂದವರು ನೊಂದುಕೊಳ್ಳುತ್ತಾರೆಂದು ಅತ್ತಿಗೆಗೆ ಸಂಕೋಚ. ಸಾಲದ್ದಕ್ಕೆ ಟಿವಿಯಲ್ಲಿ, ಪೇಪರಿನಲ್ಲಿ ಹೀಟ್ ವೇವ್ ಸುದ್ದಿ: ನೀರು ಕುಡಿಯಿರಿ, ಎಳನೀರು ಕುಡಿಯಿರಿ. ವೆರಿ ಸೆನ್ಸಿಬಲ್ ಎಂದು ನಾನೂ ತಲೆದೂಗಿದ್ದ ಸುದ್ದಿಯೇ. ಸುಳ್ಳೇನಲ್ಲ.

ಒಂದು ಮಧ್ಯಾಹ್ನ ವಿಜಯನಗರದ ಅವರ ಮನೆಗೆ ಹೋದರೆ ಬಾಗಿಲ ಪಕ್ಕದಲ್ಲೇ ಖಾಲಿ ಬುರುಡೆಗಳು. ಅತ್ತಿಗೆ ಕುರ್ಚಿಯಿಂದ ಏಳಲಾರದೆ ಕೂತಿದ್ದರು.

"ಕಾಲಲ್ಲಿ ಶಕ್ತೀನೇ ಇಲ್ಲ ಕಣೇ. ಬಿಸಿಲಿಗಿರ್ಬೇಕು."

"ಅತ್ತಿಗೆ, ಎಳನೀರು ಕುಡಿದ್ರಾ?"

"ಪೇಪರಲ್ಲೇ ಹಾಕಿದಾರೆ, ಓದು. ಕನ್ನಡ ಬರುತ್ತೆ ತಾನೆ ನಿಂಗೆ?"

"ಅದು ಊರಿಗೆಲ್ಲ ಹೇಳಿದ್ದು, ನಿಮ್ಮ ರಿಪೋರ್ಟ್ ನೋಡಿ ಬರೆದಿದ್ದಲ್ಲ!"

"ಊರಿಗೆಲ್ಲ ಅಮೃತ, ನಂಗೊಬ್ಬಳಿಗೆ ವಿಷವಾ? ನಿನ್ನ ಕಾನ್ವೆಂಟ್ ಸಿಸ್ಟರ್‌ಗಳು ಎಳನೀರು ಕಂಡಿದ್ರೇನೇ?"

ನನ್ನ ಇಂಗ್ಲಿಷ್ ಕಾನ್ವೆಂಟ್ ಓದನ್ನು ಅವರು ಹೀಗೆ ಆಡಿಕೊಳ್ಳುವುದು ಹೊಸದಲ್ಲ; ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ಅವರ ಮಣಿಕಟ್ಟು ಹಿಡಿದೆ. ನಾಡಿ ಒಮ್ಮೆ ಬಡಿದು, ಮುಂದಿನದಕ್ಕೆ ನನ್ನನ್ನು ಕಾಯಿಸುತ್ತಿತ್ತು.

ನಾನು ಕೂಗಿದ್ದಕ್ಕೆ ಒಳಕೋಣೆಯಿಂದ ಬಂದ ಅಣ್ಣ ಆಂಬುಲೆನ್ಸ್‌ಗೆ ಫೋನ್ ಮಾಡಿದ. ದಾರಿಯುದ್ದಕ್ಕೂ ಸಿಗ್ನಲ್ಲು, ಬಸ್ಸು, ಹಾರ್ನು. ಅತ್ತಿಗೆಯ ಬೆರಳುಗಳನ್ನು ಉಜ್ಜುತ್ತ, "ಹೋಲ್ಡ್ ಆನ್" ಎಂದು ಇಂಗ್ಲಿಷಿನಲ್ಲೇ ಗೊಣಗುತ್ತಿದ್ದೆ. ಕನ್ನಡ ಬಾಯಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಚಿಕ್ಕ ವಯಸ್ಸಿನ ಡಾಕ್ಟರ್ ಹಿರಿಯರನ್ನು ಕರೆಯಲು ಓಡಿದಳು. ಮರುಕ್ಷಣವೇ ಸ್ಟ್ರೆಚರನ್ನು ಐಸಿಯು ಕಡೆಗೆ ತಳ್ಳಿದರು. ಬಾಗಿಲ ಬಳಿ ಅತ್ತಿಗೆ ನನ್ನ ಸೆರಗು ಹಿಡಿದೆಳೆದರು.

"ನಾಳೆ ನೋಡೋಕೆ ಬರ್ತೀಯಲ್ಲ?"

"ಬರ್ತೀನಿ ಅತ್ತಿಗೆ."

"ಬರಿಗೈಲಿ ಬಾ ಕಣೇ. ಎಲ್ರಿಗೂ ಹಾಗೇ ಹೇಳು."

ನರ್ಸ್ ನನ್ನ ಸೆರಗು ಬಿಡಿಸಿದಳು. ಒಳಗೆ ಹೋಗುವಾಗ ಅತ್ತಿಗೆ ಕತ್ತು ಹೊರಳಿಸಿ, ನನ್ನ ಪಕ್ಕದಲ್ಲಿದ್ದ ಅಣ್ಣನನ್ನು ತೋರಿಸಿ, ಊಟವಾಯಿತೇ ಎಂದು ಕೈಸನ್ನೆಯಲ್ಲೇ ನನ್ನನ್ನು ಕೇಳಿದರು. ಆಯಿತೆಂದು ತಲೆಯಾಡಿಸಿದೆ. ಬಾಗಿಲು ಮುಚ್ಚಿತು. ಉಸಿರಿದ್ದ ಅತ್ತಿಗೆಯನ್ನು ನಾನು ಕಂಡದ್ದು ಅದೇ ಕೊನೆ.