ಹೊಗೆ ಯಾವ ಕಡೆ, ಧೂಳು ಆ ಕಡೆ

ಜೇವರ್ಗಿಯ ಯಡ್ರಾಮಿ ರಸ್ತೆಗೆ ಅಂಟಿಕೊಂಡ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಂಗಳದ ತಗಡಿನ ಚಪ್ಪರದ ಕೆಳಗೆ ಉಮಾಬಾಯಿ ಬಡಿಗೇರ ಅವರು ಮೌನೇಶ್ವರರ ಪಟದ ಮುಂದೆ ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾರೆ. ಕೈ ಮುಗಿದ ಮೇಲೆ ಅವರ ಕಣ್ಣು ಹೊಗೆಯ ಮೇಲೆ ನಿಲ್ಲುತ್ತದೆ. ಹೊಗೆ ರಸ್ತೆಯ ಕಡೆ ಹೋದರೆ ಕೆಲಸ ಶುರು. ಮನೆಯ ಕಡೆ ತಿರುಗಿದರೆ ಅವರು ಮರ ಉಜ್ಜುವ ಮಷೀನು ಮುಟ್ಟುವುದಿಲ್ಲ. ಈ ದಿನ ಹೊಗೆ ನೇರವಾಗಿ ಮನೆಯ ಕಿಟಕಿಗೇ ಹೋಗುತ್ತಿದೆ. ಆ ಕಿಟಕಿಯ ಒಳಗೆ ಅವರ ಗಂಡ ಜಗದೇವ ಮಲಗಿದ್ದಾರೆ.

ಕೊಳಕೂರ, ನೆಲೋಗಿ, ಆ ಕಡೆ ಅಫಜಲಪುರದವರೆಗೂ ಜಗದೇವ ಮಾಡಿದ ಬಾಗಿಲುಗಳಿವೆ. ಮರ ಉಜ್ಜುವಾಗ ಮೂಗಿಗೆ ಒಂದು ಟವೆಲ್ ಸುತ್ತಿಕೊಂಡರೆ ಸಾಕೆಂದು ಅವರು ನಂಬಿದ್ದರು. ಬೇವಿನ ಧೂಳು, ಸಾಗವಾನಿಯ ಧೂಳು, ಹಳೆ ಬಾಗಿಲುಗಳ ಬಣ್ಣದ ಧೂಳು ಎಲ್ಲವೂ ಟವೆಲ್ಲನ್ನು ದಾಟಿ ಎದೆಗೆ ಇಳಿಯಿತು. ಇನ್ನು ಧೂಳಿನ ಹತ್ತಿರ ಸುಳಿಯಬಾರದು ಎಂದು ಕಲಬುರಗಿಯ ಡಾಕ್ಟರು ಹೇಳಿ ಮೂರು ವರ್ಷವಾಯಿತು. ಅಂದಿನಿಂದ ಮರ ಕೊಯ್ಯುವುದು, ಜೋಡಿಸುವುದು ಬೇರೆ ಬಡಿಗರ ಪಾಲು. ಉಜ್ಜಿ ನುಣುಪು ಮಾಡುವ ಕೆಲಸ ಉಮಾಬಾಯಿಯದು. ಮನುಷ್ಯನಿಗೆ ದೇವರು ಉಸಿರನ್ನು ಅಳೆದು ಕೊಟ್ಟಿರುತ್ತಾನೆ ಎಂಬ ಮಾತನ್ನು, ಪಕ್ಕದಲ್ಲಿ ಕುಳಿತು ಆ ಉಸಿರನ್ನು ಎಣಿಸಿದವರು ಹಗುರವಾಗಿ ಆಡುವುದಿಲ್ಲ. ಉಮಾಬಾಯಿ ಆ ಮಾತನ್ನೇ ಆಡುವುದಿಲ್ಲ.

ಕೊಳಕೂರಿನ ಸುಶಾಂತ ತನ್ನ ಬಾಗಿಲು ಒಯ್ಯಲು ಟೆಂಪೋ ತಂದು ನಿಲ್ಲಿಸಿದ್ದಾನೆ. ಇವತ್ತೇ ಅವನ ಹೊಸ ಮನೆಗೆ ಬಾಗಿಲು ಕೂಡಿಸುವ ಮುಹೂರ್ತ. ಕಿಟಕಿ ಮುಚ್ಚಿ ಮಷೀನು ಹಚ್ಚಿದರೆ ಆಯಿತಲ್ಲ ಎನ್ನುತ್ತಾನೆ. ಉಮಾಬಾಯಿ ದನಿ ಏರಿಸದೆ ಉತ್ತರ ಕೊಡುತ್ತಾರೆ:

"ಕಿಡಕಿ ಮುಚ್ಚಿದ್ರ ಅವರಿಗಿ ಗಾಳಿ ಸಾಲಂಗಿಲ್ಲಪ್ಪ. ತಗದ್ರ ಧೂಳು ಹೋಗ್ತದ. ಗಾಳಿ ತಿರುಗೂತನಾ ಕುಂದ್ರು, ಚಾ ಕುಡಿ."

ಸುಶಾಂತ ಕೂರುತ್ತಾನೆ, ಏಳುತ್ತಾನೆ, ಮತ್ತೆ ಕೂರುತ್ತಾನೆ.

ಕಾಯುವ ಹೊತ್ತಿನಲ್ಲೇ ಅವರು ಕೈಗೆ ಸಾಬೂನು ಹಚ್ಚಿ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆಯುತ್ತಾರೆ. ಗಂಡನಿರುವ ಹೆಂಗಸು ದಿನಾ ಕೈ ಬರಿದು ಮಾಡಿಕೊಳ್ಳುವುದನ್ನು ಓಣಿ ಸುಲಭವಾಗಿ ಸಹಿಸಲಿಲ್ಲ. ಅತ್ತೆ ಭಾಗಮ್ಮನವರಿಗಂತೂ ಅದು ಮಗನ ಆಯುಷ್ಯಕ್ಕೇ ಕೈ ಹಾಕಿದಂತೆ ಕಂಡಿತ್ತು. ಮಗ ಉಸಿರಿಗೆ ಒದ್ದಾಡುತ್ತಿರುವಾಗ ಇದೆಂಥ ಅಪಶಕುನ ಎಂದು ಅತ್ತಿದ್ದರು. "ಮಷೀನಿಗಿ ಬಳಿ ಸಿಕ್ಕು ಕೈನೇ ಹೋದ್ರ ಆಮ್ಯಾಲ ಬಳಿ ಎಲ್ಲಿ ಇಟ್ಕೋಲಿ ಅತ್ತಿ?" ಎಂದು ಸೊಸೆ ಕೇಳಿದ್ದರು. ಬಳೆಗಾರ್ತಿ ಹಮೀದಾಬೇಗಂ ಅವರ ದೂರು ಬೇರೆ. ಊರ ಹೆಂಗಸರೆಲ್ಲ ಬಳೆ ಒಡೆದುಕೊಂಡು ತಮ್ಮ ಹತ್ತಿರ ಬಂದರೆ, ಇವಳೊಬ್ಬಳು ತೆಗೆದಿಟ್ಟು ತೆಗೆದಿಟ್ಟು ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾಳೆ ಎಂದು ಅವರು ನಗುತ್ತಾರೆ.

ಮಷೀನು ಇಸ್ತ್ರಿ ಪೆಟ್ಟಿಗೆಯಷ್ಟೇ ದೊಡ್ಡದು. ಅದರ ಅಡಿಯಲ್ಲಿ ಒರಟು ಪಾಲಿಶ್ ಪೇಪರಿನ ಪಟ್ಟಿ ಗಿರಗಿರನೆ ಸುತ್ತುತ್ತದೆ. ಹಿಡಿಯ ಗುಂಡಿಯನ್ನು ಬೆರಳಿನಿಂದ ಒತ್ತಿಯೇ ಇರಬೇಕು, ಬಿಟ್ಟರೆ ನಿಲ್ಲುತ್ತದೆ. ಕಳೆದ ಬೇಸಿಗೆಯಲ್ಲಿ ಹೆಂಡತಿಯ ಬೆರಳು ಬಾತದ್ದನ್ನು ನೋಡಲಾರದೆ ಜಗದೇವ ಆ ಗುಂಡಿಯನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿಕೊಟ್ಟರು. ಬೆರಳಿಗೆ ಆರಾಮವಾಯಿತು. ಒಂದು ದಿನ ಕೆಲಸದ ನಡುವೆ ಕರೆಂಟು ಹೋಯಿತು. ಉಮಾಬಾಯಿ ಮಷೀನನ್ನು ಹಲಗೆಯ ಮೇಲಿಟ್ಟು, ಬಾಗಿ ಧೂಳು ಗುಡಿಸುತ್ತಿದ್ದರು. ಕರೆಂಟು ತಿರುಗಿ ಬಂದದ್ದೇ ಮಷೀನು ತಾನಾಗಿ ಓಡಿ ಹಲಗೆಯಿಂದ ಬಿದ್ದು, ಅವರ ಸೆರಗನ್ನು ಕಚ್ಚಿಕೊಂಡು ಎಳೆಯಿತು.

ಒಳಗಿದ್ದ ಜಗದೇವರಿಗೆ ಸದ್ದು ಬದಲಾದದ್ದು ತಿಳಿಯಿತು. ಓಡಿ ಬಂದು ಗೋಡೆಯ ಪ್ಲಗ್ ಕಿತ್ತರು. ಅಲ್ಲಿಯೇ, ಆ ಧೂಳಿನಲ್ಲಿಯೇ ಕುಸಿದರು. ಆಂಬುಲೆನ್ಸ್ ಕಲಬುರಗಿ ಮುಟ್ಟುವವರೆಗೆ ಉಮಾಬಾಯಿ ಅವರ ಎದೆಯ ಮೇಲಿಂದ ಕೈ ತೆಗೆಯಲಿಲ್ಲ.

"ನನ್ನ ಕೈ ಉಳೀತ್ರಿ, ಅವರ ಉಸಿರು ಹೋಗೂದಿತ್ತು. ನಂಗ ತ್ರಾಸ ಆಗಬಾರದಂತ ಕಟ್ಟಿದ್ರು ಪಾಪ," ಎನ್ನುತ್ತಾರೆ.

ಆ ರಬ್ಬರನ್ನು ಜಗದೇವರೇ ಕತ್ತರಿಸಿ ಎಸೆದರು. ಈಗ ಕರೆಂಟು ಹೋದರೆ ಉಮಾಬಾಯಿ ಮೊದಲು ಪ್ಲಗ್ ಕೀಳುತ್ತಾರೆ, ಆಮೇಲೆ ಬೇರೆ ಮಾತು. ಪೇಪರು ಬದಲಿಸುವಾಗಲೂ ಹಾಗೆಯೇ. ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಟ್ಟು ತೋಳಿನ ಗುಂಡಿ ಹಾಕುತ್ತಾರೆ. ಸೆರಗು ಅಂಗಿಯ ಒಳಗೆ, ಕೂದಲು ಗಂಟಿನಲ್ಲಿ, ಕಣ್ಣಿಗೆ ಚಷ್ಮಾ, ಮೂಗಿಗೆ ಧೂಳು ತಡೆಯುವ ದಪ್ಪ ಮಾಸ್ಕು. ಹಳೆ ಬಾಗಿಲಾದರೆ ಮೊಳೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡದೆ ಮಷೀನು ಇಡುವುದಿಲ್ಲ. ದಿನಕ್ಕೆ ಎರಡು ಬಾಗಿಲು ಮುಗಿದರೆ ಹೆಚ್ಚು. ಅಮಾವಾಸ್ಯೆಯಂದು ಬಡಿಗರ ಪದ್ಧತಿಯಂತೆ ಮಷೀನಿಗೂ ಕುಂಕುಮ, ಮಷೀನಿಗೂ ರಜೆ.

ಬಿಸಿಲು ಏರುವ ಹೊತ್ತಿಗೆ ಗಾಳಿ ತಿರುಗುತ್ತದೆ. ಉಮಾಬಾಯಿ ನೆಲಕ್ಕೆ ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಮಷೀನು ಹಿಡಿದು, ಮರದ ಎಳೆ ಹೋದ ದಿಕ್ಕಿಗೇ ಸಾಗಿಸುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲಿಸಿ, ಪಟ್ಟಿ ಸುತ್ತುವುದು ಪೂರ್ತಿ ನಿಂತ ಮೇಲೆ ಕೆಳಗಿಟ್ಟು, ಕಿಟಕಿಯ ಕಡೆ ಕಿವಿ ಕೊಡುತ್ತಾರೆ. ಮಷೀನು ಓಡುವಾಗ ಒಳಗಿನ ಕೆಮ್ಮು ಅವರಿಗೆ ಕೇಳಿಸದು. ಮಷೀನು ನಿಂತರೆ ಒಳಗಿನವರಿಗೆ ಜೀವ ತಡೆಯದು. "ಏನಾತು?" ಎಂದು ಒಳಗಿನಿಂದ ಸಣ್ಣ ದನಿ ಬರುತ್ತದೆ. "ಏನಿಲ್ಲರಿ, ಮಾಡಾಕತ್ತೇನಿ," ಎಂದು ಇವರು ಕೂಗುತ್ತಾರೆ. ಮತ್ತೆ ಸದ್ದು ಶುರು. ಒಮ್ಮೆ ಒಳಗಿನ ದನಿ ಬರಲು ತಡವಾಗುತ್ತದೆ. ಉಮಾಬಾಯಿ ಮಾಸ್ಕು ಇಳಿಸಿ ಎರಡು ಹೆಜ್ಜೆ ಇಟ್ಟೇಬಿಡುತ್ತಾರೆ. ಆಗ ಕೆಮ್ಮು ಕೇಳುತ್ತದೆ. ಕೆಮ್ಮು ಕೇಳಿ ಸಮಾಧಾನಪಟ್ಟುಕೊಳ್ಳುವ ಹೆಂಗಸನ್ನು ಸುಶಾಂತ ನೋಡುತ್ತಾನೆ.

ಕೆಲಸ ಮುಗಿದ ಮೇಲೆ ಉಮಾಬಾಯಿ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಗಳಕ್ಕೆ ಮತ್ತೆ ನೀರು ಹೊಡೆದು, ಸ್ನಾನ ಮಾಡಿ ಸೀರೆ ಬದಲಿಸಿ ಬರುತ್ತಾರೆ. ಆಮೇಲೆಯೇ ಜಗದೇವರನ್ನು ಕೈ ಹಿಡಿದು ಹೊರಗೆ ಕರೆತಂದು ಕುರ್ಚಿಯ ಮೇಲೆ ಕೂರಿಸುತ್ತಾರೆ. ಅವರು ಕಣ್ಣು ಮುಚ್ಚಿ ಬಾಗಿಲಿನ ಮೇಲೆ ಅಂಗೈ ಎಳೆಯುತ್ತಾರೆ. ಕೆಳಗಿನ ಮೂಲೆಯಲ್ಲಿ ಕೈ ನಿಲ್ಲುತ್ತದೆ. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಹೇಳುತ್ತಾರೆ:

"ಇದೇನ್ ಉಜ್ಜೀದಿ? ಮೂಲ್ಯಾಗ... ಎಮ್ಮಿ ನೆಕ್ಕಿದಂಗ ಬಿಟ್ಟೀದಿ."

ಇಷ್ಟು ಸಾಕು, ಚಂದವಾಗಿದೆ ಎಂದು ಸುಶಾಂತ ಅವಸರದಿಂದ ಹೇಳುತ್ತಾನೆ. ಜಗದೇವ ಒಪ್ಪುವುದಿಲ್ಲ. ಬೈಗುಳ ಇನ್ನೊಂದು ಸಾಲು ಮುಂದುವರಿಯುತ್ತದೆ. ಉಮಾಬಾಯಿ ನೀರಿನಲ್ಲಿ ಅದ್ದಿದ ಪೇಪರು ತಂದು, ಧೂಳು ಏಳದಂತೆ ಆ ಮೂಲೆಯನ್ನು ಕೈಯಲ್ಲೇ ಉಜ್ಜುತ್ತಾರೆ. ಇಷ್ಟು ಮಾಡಿಯೂ ಬೈಸಿಕೊಳ್ಳಬೇಕೇ ಎಂದು ಕೇಳಿದರೆ ತಲೆ ಎತ್ತದೆ ನಗುತ್ತಾರೆ.

"ಬೈಯಾಕೂ ಉಸಿರು ಬೇಕಲ್ರಿ. ದಿನಾ ಬೈಲಿ."