ಓಣಿಯೆಲ್ಲ ಹತ್ತಕ್ಕೆ ಮೂರು

ಒಂದು ಕಾಲಕ್ಕೆ ನಾನು ಊರೂರು ತಿರುಗಿ ಜನರ ಸುಖ ಅಳೆಯುತ್ತಿದ್ದೆ ಎಂದರೆ ನನ್ನ ಹೆಂಡತಿಗೆ ಇವತ್ತಿಗೂ ನಗು ತಡೆಯಲಾಗುವುದಿಲ್ಲ. ಸಾರಿಗೆ ಉಪ್ಪು ಸಾಕೋ ಬೇಕೋ ಹೇಳಲು ಬಾರದ ಗಂಡಸು ನಾನು! ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಗದಗಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಾಗ, ಸಂಶೋಧನೆಗೆಂದು ಮಾಡಿದ್ದು ಅದನ್ನೇ. ನಿಮ್ಮ ಸುಖಕ್ಕೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುವುದು, ಬರೆದುಕೊಳ್ಳುವುದು.

ನಮ್ಮ ಶಾಸ್ತ್ರದವರ ಪ್ರಕಾರ ಸುಖ ಮನುಷ್ಯನ ಎದೆಯೊಳಗೆ ಒಂಟಿಯಾಗಿ ಕೂತಿರುವುದಿಲ್ಲ. ಅವನಿಗೂ ನೆರೆಯವನಿಗೂ ನಡುವಿನ ಗೋಡೆಯ ಮೇಲೆ ಕೂತಿರುತ್ತದೆ. ಬೆಟಗೇರಿಯಲ್ಲಿ ಪಕ್ಕದ ಮನೆಗೆ ರೇಡಿಯೋ ಬಂದ ವಾರ ಒಬ್ಬ ಗೃಹಸ್ಥರ ಎಂಟು ಆರಕ್ಕಿಳಿದಿತ್ತು. ಶಾಸ್ತ್ರ ಗೆದ್ದಿತೆಂದು ಹಿಗ್ಗಿದೆ.

ಆಮೇಲೆ ಹೊಳೆದಂಡೆಯ ಹಳ್ಳಿ ಹಮ್ಮಿಗಿಗೆ ಹೋದೆ. ಮಟಮಟ ಮಧ್ಯಾಹ್ನ, ಹೊಳೆ ಕಡೆಯ ಓಣಿ. ತುದಿಯ ಹಸಿರು ಬಾಗಿಲಿನ ಹಿಂದಿನಿಂದ ಟಂಯ್, ಟಂಯ್ ಎಂದು ಏನೋ ಮಿಡಿಯುವ ಸದ್ದು. ಮೊದಲ ಮನೆಯ ಮುದುಕ "ಮೂರು" ಎಂದ. ಎರಡನೆಯ ಮನೆಯಲ್ಲೂ ಮೂರು. ಐದನೆಯ ಮನೆಯ ಹೊತ್ತಿಗೆ ನನ್ನ ಪೆನ್ನು ನಿಧಾನವಾಯಿತು. ಎಲ್ಲರೂ ಒಂದೇ ರೀತಿ ಮಾತು ನಿಲ್ಲಿಸಿ, ಆ ಹಸಿರು ಬಾಗಿಲನ್ನೊಮ್ಮೆ ನೋಡಿ, ದನಿ ತಗ್ಗಿಸಿ "ಮೂರು" ಎನ್ನುತ್ತಿದ್ದರು. ಒಂದು ಮನೆಯಲ್ಲಿ ಮರುದಿನ ಮದುವೆ. ಅರಿಶಿನ ಹಚ್ಚಿಕೊಂಡು ನಗುತ್ತ ಬಂದ ಮದುಮಗಳು ಪ್ರಶ್ನೆ ಕೇಳಿದ್ದೇ ನಗು ಒರೆಸಿಕೊಂಡಂತೆ ನಿಂತು, ಬಾಗಿಲ ಕಡೆ ನೋಡಿ, "ಮೂರು ಬರ್ಕೊಳ್ರಿ" ಎಂದಳು.

ಈ ಕಾಗದ ಕಂಡರೆ ಸಂಶೋಧನೆಗೆ ದಾರಿ ತೋರುತ್ತಿದ್ದ ನನ್ನ ಗುರುಗಳು ಮನೆಯಲ್ಲಿ ಕೂತು ತುಂಬಿದ್ದೆನ್ನುತ್ತಾರೆ. ವರ್ಷದ ಕೆಲಸ ಮಣ್ಣುಪಾಲು. ಮದುಮಗಳ ತಾಯಿಯನ್ನು ಕೇಳಿಯೇಬಿಟ್ಟೆ: "ಯಾಕವ್ವ, ಎಲ್ಲಾರೂ ಮೂರು ಅಂತೀರಿ?"

"ಆ ಹಸರ ಬಾಗಲದ್ದು ಖಾತೂನ್‌ಬೀ ಮನಿ ರೀ. ಹತ್ತಿ ಹಿಂಜಿ ಗಾದಿ ಮಾಡ್ತಾಳ. ಆಕಿ ಮಗಳು ಹ್ವಾದ ತಿಂಗಳ ಹೊಳ್ಯಾಗ ಮುಳುಗಿ ಹೋದ್ಳು. ನನ್ನ ಮಗಳ ಜೋಡಿ ಆಡಿ ಬೆಳದಾಕಿ. ನೀವು ಏನ್ ಕೇಳ್ತೀರಂತ ನಿನ್ನೆನ ಖಬರ ಬಂದಿತ್ರಿ. ಖಾತೂನ್‌ಬೀ ತಾ ಮೂರು ಅಂತೀನಿ ಅಂದ್ಲು. ಆಕಿಕಿಂತ ಹೆಚ್ಚು ನಾವು ಹೆಂಗ ಹೇಳೂಣ್ರಿ?"

ಹಸಿರು ಬಾಗಿಲಿಗೆ ಹೋದೆ. ಖಾತೂನ್‌ಬೀ ಹತ್ತಿ ಹಿಂಜುವ ಬಿಲ್ಲನ್ನು ಮಿಡಿಯುತ್ತಿದ್ದಳು. ಮದುಮಗಳ ಗಾದಿಗೆ ಹತ್ತಿ. ಕೋಣೆಯ ತುಂಬ ಬಿಳಿ ಎಳೆಗಳು ತೇಲುತ್ತಿದ್ದವು. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿದೆ.

"ನನ್ನ ಕೇಳೂದಿಲ್ಲೇನ್ರಿ ಸರ?" ಎಂದಳು. "ಖರೆ ಅಂದ್ರ ಒಂದೂ ಇಲ್ರಿ. ಆ ಹುಡುಗಿ ಮದುವಿ ಐತಿ, ಅದಕ್ಕ ಮೂರು ಅಂದೆ. ಓಣ್ಯಾಗ ಹೇಳಬ್ಯಾಡ್ರಿ."

ಬಿಲ್ಲನ್ನು ಬದಿಗಿಟ್ಟು, ನನ್ನನ್ನೇ ನೋಡಿ ಕೇಳಿದಳು: "ನಿಮ್ದೆಷ್ಟ್ರಿ?"

ಆ ವಾರವಷ್ಟೇ ನನಗೆ ಮೊದಲ ಮಗಳು ಹುಟ್ಟಿದ್ದಳು. "ಮೂರು" ಎಂದೆ.

ಗುರುಗಳು ಆ ಓಣಿಯ ಕಾಗದಗಳನ್ನೆಲ್ಲ ನಂಬಲು ಯೋಗ್ಯವಲ್ಲವೆಂದು ಬದಿಗಿಟ್ಟರು. ಅವರು ಹೇಳಿದ್ದು ಸರಿಯೇ. ಅಲ್ಲಿ ಮೂರು ಎಂದವರು ಒಬ್ಬರೂ ನಿಜ ಹೇಳಿರಲಿಲ್ಲ, ನಾನೂ ಸೇರಿ.