ಗುಂಡಿಯಿಂದ ಏಳದ ಚಿಕ್ಕತಾಯಮ್ಮ

ಚಿಕ್ಕತಾಯಮ್ಮನವರನ್ನು ನೆನೆದರೆ ನನಗೆ ಮೊದಲು ಕಾಣುವುದು ನೆಲಮಟ್ಟದಲ್ಲಿರುವ ಒಂದು ತಲೆ. ಟವೆಲ್ ಸುತ್ತಿದ ಆ ತಲೆಯ ಕೆಳಗಿನ ಮೈಯೆಲ್ಲ ಗುಂಡಿಯೊಳಗೆ. ಅಲ್ಲಿಂದಲೇ ಅವರು ನಮ್ಮನ್ನು ಮಾತಾಡಿಸುತ್ತಿದ್ದರು, ಬೈಯುತ್ತಿದ್ದರು, ಎಲೆಅಡಿಕೆ ಇಸಿದುಕೊಳ್ಳುತ್ತಿದ್ದರು.

ನಾನಾಗ ಮಣ್ಣಿನ ಸಮೀಕ್ಷೆಯ ಕೆಲಸಕ್ಕೆ ಸೇರಿದ ಹೊಸತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲ, ಗೋಮಾಳಗಳಲ್ಲಿ ಗುಂಡಿ ತೆಗೆಸಿ, ಅದರ ಗೋಡೆಯಲ್ಲಿ ಕಾಣುವ ಪದರಗಳನ್ನು ನೋಡಿ, ಈ ಮಣ್ಣು ಎಂಥದ್ದು, ಯಾವ ವರ್ಗಕ್ಕೆ ಸೇರಿದ್ದು ಎಂದು ಬರೆಯುವುದು ನಮ್ಮ ಕೆಲಸ. ಅಗೆಯುವವರು ಕಟ್ಟೆಮಳಲವಾಡಿ ಕಡೆಯ ಚಿಕ್ಕತಾಯಮ್ಮ. ಐವತ್ತು ದಾಟಿದ್ದರೂ ಹಾರೆ ಹಿಡಿದರೆ ಗಂಡಾಳುಗಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಮೊದಲ ದಿನ ನಾನು ಗುಂಡಿಯ ಅಂಚಿನಲ್ಲಿ ನಿಂತು, ಬಣ್ಣದ ಪಟ್ಟಿಗಳಿರುವ ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದೆ.

"ಅಲ್ಲೇ ನಿಂತ್ಕಂಡು ಏನ್ ಬರೀತಿದ್ದೀಯವ್ವ?"

"ಬಣ್ಣ ಅಮ್ಮ."

"ಅಲ್ಲಿಂದಾದ್ರೆ ನನ್ ಸೀರೆ ಬಣ್ಣ ಬರ್ಕೊ. ಮಣ್ಣಿಂದು ಬೇಕಂದ್ರೆ ಇಳ್ದು ಬಾ."

ಇಳಿದೆ. ಅವರು ಹೆಂಟೆಯೊಂದನ್ನು ಮುರಿದು, ನೀರು ಚಿಮುಕಿಸಿ ನನ್ನ ಅಂಗೈಗಿಟ್ಟರು. ಕಂದು ಎಂದು ಬರೆದಿದ್ದ ಮಣ್ಣು ಕಡುಗೆಂಪಾಗಿತ್ತು. ನಾನು ಬರೆದದ್ದನ್ನು ಹೊಡೆದು ಹಾಕುವವರೆಗೂ ಅವರು ನೋಡುತ್ತ ನಿಂತಿದ್ದರು.

ಅದೇ ಬೇಸಿಗೆಯಲ್ಲಿ ಹುಣಸೂರಿನ ಆಚೆಯ ಒಂದು ಗೋಮಾಳಕ್ಕೆ ಹೋದೆವು. ಸುತ್ತಲ ನಾಲ್ಕು ಊರಿನ ಕುರಿ, ದನ ಮೇಯುವ ಜಾಗ. ಅದು ಕೆಲಸಕ್ಕೆ ಬಾರದ ನೆಲ ಎಂದು ನಮ್ಮ ವರದಿಯಲ್ಲಿ ಬಂದರೆ ಪೇಟೆಯ ಕಸ ಸುರಿಯಲು ಕೊಡುತ್ತಾರೆ ಎಂಬ ಮಾತು ಆಗಲೇ ಓಡಾಡುತ್ತಿತ್ತು. ಒಂದೂವರೆ ಅಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಜೀಪಿನ ನೆರಳಲ್ಲಿದ್ದ ನಮ್ಮ ಅಧಿಕಾರಿ ಕೂತಲ್ಲಿಂದಲೇ, "ಬಂಡೆ ಸಿಕ್ತಲ್ಲ, ಸಾಕು. ತೆಳು ಮಣ್ಣು ಅಂತ ಬರ್ಕೊಳ್ಳಿ. ಮುಚ್ಚಮ್ಮ" ಎಂದರು.

"ಬಂಡೆಯಲ್ಲ ಕಣ್ ಸೋಮಿ, ಗರಸು. ಬಂಡೆಯೊಳೀಕೆ ಬೇರು ಇಳೀತದಾ? ಬಂದು ನೋಡಿ."

ಕಲ್ಲುಹರಳುಗಳ ಸಂದಿನಲ್ಲಿ ಹುಲ್ಲಿನ ಬೇರುಗಳು ದಾರದಂತೆ ಕೆಳಕ್ಕೆ ಇಳಿದಿದ್ದವು.

"ಇನ್ನೂ ಎರಡು ಗುಂಡಿ ಬಾಕಿ ಇದೆ. ಮುಚ್ಚು ಅಂದೆ."

"ಮುಚ್ಚಾಕಿಲ್ಲ." ಚಿಕ್ಕತಾಯಮ್ಮ ಗುಂಡಿಯೊಳಗೆ ಕುಳಿತೇಬಿಟ್ಟರು. "ಮುಚ್ಚೋದಾದ್ರೆ ನನ್ನೂ ಸೇರ್ಸಿ ಮುಚ್ಚಿ."

"ನಾಳೆಯಿಂದ ನೀನು ಬರೋದು ಬೇಡ."

"ಬರಾಕಿಲ್ಲ ಬುಡಿ. ಇವತ್ತಿಂದು ಅಗ್ದು ಓಯ್ತೀನಿ."

ಎದ್ದು ಮತ್ತೆ ಹಾರೆ ಎತ್ತಿದರು. ನಾನು ಅಳತೆಯ ಟೇಪು ಹಿಡಿದು ಗುಂಡಿಗೆ ಇಳಿದೆ. ಅಧಿಕಾರಿಯ ಕಡೆ ನೋಡುವ ಧೈರ್ಯವಿರಲಿಲ್ಲ, ಟೇಪನ್ನೇ ನೋಡುತ್ತಿದ್ದೆ. ಇಳಿಬಿಸಿಲಿನವರೆಗೂ ಅವರು ಅಗೆದರು. ಅರ್ಧದಷ್ಟು ಕಲ್ಲುಹರಳು, ಅವುಗಳ ನಡುವೆ ಅಂಟಂಟಾದ ಕೆಂಪು ಜೇಡಿ. ಅವರ ಸೊಂಟದ ಮಟ್ಟಕ್ಕೆ ಬಂದಾಗ, ಮೂರಡಿಯ ಹತ್ತಿರ, ಕೈಯಲ್ಲಿ ಪುಡಿಯಾಗುವ ಕಲ್ಲು ಶುರುವಾಯಿತು. ಬೇರು ಅಲ್ಲಿಯವರೆಗೂ ಇತ್ತು.

ಕೊನೆಗೆ ಅಧಿಕಾರಿ ಎದ್ದು ಬಂದರು. ಚೂರು ಜೇಡಿಯನ್ನು ನೀರಲ್ಲಿ ನಾದಿ ಬೆರಳುಗಳ ನಡುವೆ ಒತ್ತಿದರು. ಅದು ಅಪ್ಪಟ ಜೇಡಿಯ ಹಾಗೆ ಮುರಿಯದೆ ಪಟ್ಟಿಯಾಗಿ ಇಳಿಬಿತ್ತು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಾವೇ ತಿದ್ದಿದರು: ಗರಸು ಬೆರೆತ ಕೆಂಪು ಜೇಡಿ, ಮಧ್ಯಮ ಆಳ, ಹುಲ್ಲುಗಾವಲಿಗೆ ಯೋಗ್ಯ.

ಆ ಗೋಮಾಳದ ಮಟ್ಟಿಗೆ ಕಸದ ಮಾತು ನಿಂತಿತು. ಚಿಕ್ಕತಾಯಮ್ಮನವರ ಕೆಲಸವೂ ನಿಂತಿತು. ಅವರನ್ನು ಮತ್ತೆ ಕರೆಸಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ವರದಿ ಅಚ್ಚಾಗಿ ಬಂದ ಮೇಲೆ ಕಚೇರಿಯ ಪ್ರತಿಯನ್ನೇ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು, "ನನ್ ಗುಂಡಿ ಎಲ್ಲದೆ?" ಎಂದರು. ತೋರಿಸಿದೆ.

"ಇವು ಯಾರ್ ಯಾರ್ ಎಸ್ರು?"

"ಮೇಲಿನದು ಸಾಹೇಬರದು. ಕೆಳಗಿನದು ನಂದು."

"ನಂದು?"

ನಾನು ಪುಸ್ತಕ ಮುಚ್ಚಹೋದರೆ ಅವರು ಪುಟದ ಮೇಲೆ ಅಂಗೈ ಇಟ್ಟರು.

"ಬರಿ."

"ಇದು ಆಫೀಸಿನ ಪುಸ್ತಕ. ಇದರಲ್ಲಿ ಬರೆಯೋ ಹಾಗಿಲ್ಲ ಅಮ್ಮ."

"ಅಗ್ದೋಳು ನಾನು. ಬರಿ."

ಚೀಲದಿಂದ ಪೆನ್ಸಿಲ್ ತೆಗೆದೆ. "ಅದ್ರಲ್ ಬ್ಯಾಡ, ಪೆನ್ ತಗಿ" ಎಂದರು. ಬರೆದೆ. ಓದು ಬಾರದ ಅವರು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ನನ್ನಿಂದ ಓದಿಸಿದರು. "ಕೊನೇಲಿ ಅಮ್ಮ ಅಂತ ಸೇರ್ಸಿದ್ದೀಯ ತಾನೆ?" ಎಂದು ಕೇಳಿ, ಆಮೇಲೆ ಕಾಫಿ ಕಾಯಿಸಲು ಒಳಗೆ ಹೋದರು.

ಅದೇ ಕೊನೆ. ಕಳೆದ ವರ್ಷ ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿ.

ಮೊನ್ನೆ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಹಳೆಯ ವರದಿಗಳನ್ನು ತಿರುವಿಹಾಕುತ್ತ ಆ ಪುಟದಲ್ಲಿ ನಿಂತರು.

"ಇಲ್ಲಿ ಹೆಸರು ಗೀಚಿದ್ದು ಯಾರು?"

"ನಾನೇ ಸರ್."

"ಸರ್ಕಾರಿ ದಾಖಲೆ ಇದು. ವೈಟ್ನರ್ ಹಚ್ಚಿಬಿಡಿ."

"ಹಚ್ಚೋದಿಲ್ಲ ಸರ್," ಎಂದೆ.